ಡಿಸ್ಕ್ರೀಟ್ ಮ್ಯಾಥ್ಸ್ ಓದುವಾಗ ಪಕ್ಕದಲ್ಲಿ ಸ್ಪ್ರೆಡ್‌ಶೀಟ್ ತೆರೆದಿಡಿ
ಬಿಸಿಎ ಮೊದಲ ವರ್ಷದವರೇ, ಡಿಸ್ಕ್ರೀಟ್ ಮ್ಯಾಥ್ಸನ್ನೂ ಕಂಪ್ಯೂಟರ್ ಬೇಸಿಕ್ಸನ್ನೂ ಬೇರೆ ಬೇರೆ ಓದಬೇಡಿ. ಒಟ್ಟಿಗೆ ಕಲಿತರೆ ಎರಡೂ ಬೇಗ ಹತ್ತುತ್ತವೆ.

ಟ್ರೂತ್ ಟೇಬಲ್‌ನಿಂದ ಶುರು ಮಾಡಿ, ಅಂದರೆ ಹೇಳಿಕೆಗಳು ನಿಜವೋ ಸುಳ್ಳೋ ಅನ್ನುವ ಎಲ್ಲಾ ಸಾಧ್ಯತೆಗಳನ್ನೂ ಅವುಗಳ ಉತ್ತರವನ್ನೂ ಬರೆಯುವ ಪಟ್ಟಿ. ಲಿಬ್ರೆ ಆಫೀಸ್ ಕ್ಯಾಲ್ಕ್ ಅನ್ನುವ ಸ್ಪ್ರೆಡ್‌ಶೀಟ್ ಸಾಕು, ದುಡ್ಡು ಕೊಡಬೇಕಿಲ್ಲ. ಮೊದಲ ಎರಡು ಕಾಲಂಗಳಲ್ಲಿ ಪಿ, ಕ್ಯೂ ಅನ್ನುವ ಎರಡು ಹೇಳಿಕೆಗಳಿಗೆ ಟ್ರೂ, ಫಾಲ್ಸ್‌ನ 4 ಜೋಡಿಗಳನ್ನೂ ತುಂಬಿ. ಮೂರನೇ ಕಾಲಂನಲ್ಲಿ ಎರಡಕ್ಕೂ ಆ್ಯಂಡ್ ಹಾಕಿ ಅದರ ಮೇಲೆ ನಾಟ್, ನಾಲ್ಕನೆಯದರಲ್ಲಿ ಪಿಗೊಂದು ಕ್ಯೂಗೊಂದು ನಾಟ್ ಹಾಕಿ ಆಮೇಲೆ ಆರ್, ಫಾರ್ಮುಲಾ ಕೆಳಗೆ ಎಳೆದರೆ ಎರಡು ಕಾಲಂಗಳಲ್ಲೂ ಒಂದೇ ಉತ್ತರ. ಅದೇ ಡಿ ಮಾರ್ಗನ್ ನಿಯಮ! ಸುಮ್ನೆ ಬಾಯಿಪಾಠ ಯಾಕೆ?

"ಪಿ ಆದರೆ ಕ್ಯೂ" ಅನ್ನುವುದೇ ಜಾಸ್ತಿ ತಲೆ ತಿನ್ನುವುದು, ಅಲ್ವಾ? ಅದಕ್ಕೆ ಆರ್ ಒಳಗೆ ನಾಟ್ ಪಿ ಒಂದು, ಬರೀ ಕ್ಯೂ ಇನ್ನೊಂದು ಬರೆಯಿರಿ. ಪಿ ಸುಳ್ಳಾಗಿರುವ ಎರಡೂ ಸಾಲಲ್ಲಿ ಟ್ರೂ ಬರುತ್ತದೆ, ಯಾಕೆ ಅಂತ ಅಲ್ಲೇ ಕೂತು ಯೋಚಿಸಿ. ಇಲ್ಲಿ ಆತುರ ಬೇಡ.

ಸೆಟ್‌ಗಳಿಗೆ ಮಾತ್ರ ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ವಾಸಿ. ಯೂನಿಯನ್‌ಗೆ ಲಂಬ ಗೆರೆ, ಇಂಟರ್‌ಸೆಕ್ಷನ್‌ಗೆ ಆಂಪರ್‌ಸ್ಯಾಂಡ್, ಅಷ್ಟೇ. ಆದರೆ ಖಾಲಿ ಫ್ಲವರ್ ಬ್ರಾಕೆಟ್ ಹಾಕಿದರೆ ಅದು ಡಿಕ್ಷನರಿ ಆಗುತ್ತದೆ, ಖಾಲಿ ಸೆಟ್ ಬೇಕಿದ್ದರೆ ಸೆಟ್ ಅಂತ ಟೈಪ್ ಮಾಡಿ ಮುಂದೆ ಖಾಲಿ ರೌಂಡ್ ಬ್ರಾಕೆಟ್ ಹಾಕಿ.