‘ಕಳಿಸ್ತೀವಿ’ ಅಂದ್ರೆ ಸೆಂಡ್ ಅಲ್ಲ: ಡಿಸ್ಪ್ಯಾಚ್ ಟೇಬಲ್ ಮೇಲೆ ನಾನು ಟೆನ್ಸ್ ಕಲಿತದ್ದು

ಪೀಣ್ಯ ಎರಡನೇ ಹಂತದ ಒಂದು ಸಣ್ಣ ಮೆಷಿನ್ ಶಾಪ್‌ನಲ್ಲಿ ನಾನು ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ಡಿಸಿ (ಮಾಲಿನ ಜೊತೆ ಹೋಗುವ ಡೆಲಿವರಿ ಚಲನ್) ಬರೆಯೋದು, ಇನ್ವಾಯ್ಸ್ ತೆಗೆಯೋದು, ಇ-ವೇ ಬಿಲ್ ಹಾಕೋದು, ಟ್ರಾನ್ಸ್‌ಪೋರ್ಟ್‌ನವರ ಬೆನ್ನು ಹತ್ತೋದು. ಮೊದಮೊದಲು ನಮ್ಮ ಗಿರಾಕಿಗಳೆಲ್ಲ ಬೊಮ್ಮಸಂದ್ರ, ಜಿಗಣಿ ಕಡೆಯವರೇ. ಫೋನಲ್ಲಿ ಕನ್ನಡದಲ್ಲೋ ಹರಕುಮುರುಕು ಹಿಂದಿಯಲ್ಲೋ ಕೆಲಸ ಮುಗಿಯುತ್ತಿತ್ತು. ಪುಣೆಯ ಒಂದು ಕಂಪನಿಯಿಂದ ಆರ್ಡರ್ ಬಂತು ನೋಡಿ, ಎಲ್ಲವೂ ಮೇಲ್‌ನಲ್ಲೇ ಇರಬೇಕು ಅಂತಾಯಿತು. ಇಂಗ್ಲಿಷ್ ಮೇಲ್.

ನಾನು ತಿಪಟೂರಿನ ಹತ್ತಿರದ ಹಳ್ಳಿಯವನು. ಕನ್ನಡ ಮೀಡಿಯಂ. ಹನ್ನೆರಡು ಟೆನ್ಸ್‌ಗಳ ಪಟ್ಟಿಯನ್ನು ಎಸ್ಸೆಸ್ಸೆಲ್ಸಿಗೆ ಬಾಯಿಪಾಠ ಮಾಡಿದ್ದೆ. ಪಟ್ಟಿ ಈಗಲೂ ನೆನಪಿದೆ. ಆದರೆ ಮೇಲ್ ಬರೆಯಲು ಕೂತಾಗ ಅದರಲ್ಲಿ ಯಾವುದನ್ನು ಎತ್ತಿಕೊಳ್ಳಬೇಕು ಅಂತ ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ಒಂದು ಗುರುವಾರ ಮಧ್ಯಾಹ್ನ ಪುಣೆಯವರಿಗೆ ಒಂದು ಸಾಲು ಬರೆದೆ: ‘ಮೆಟೀರಿಯಲ್ ಸೆಂಡ್ ಟುಡೇ.’ ನನ್ನ ಮನಸ್ಸಿನಲ್ಲಿದ್ದದ್ದು ‘ಇವತ್ತು ಕಳಿಸ್ತೀವಿ’. ಮಾಲು ಇನ್ನೂ ಪ್ಲೇಟಿಂಗ್‌ನಿಂದ ವಾಪಸ್ ಬಂದಿರಲಿಲ್ಲ. ಅವರು ಓದಿಕೊಂಡದ್ದು ‘ಕಳಿಸಿದ್ದೀವಿ’ ಅಂತ. ಶನಿವಾರಕ್ಕೆ ಅಸೆಂಬ್ಲಿ ಹಾಕಿಕೊಂಡು ಕೂತುಬಿಟ್ಟರು. ನಮ್ಮ ಲಾರಿ ಹೊರಟದ್ದು ಶುಕ್ರವಾರ ರಾತ್ರಿ. ಪುಣೆಗೆ 800 ಕಿಲೋಮೀಟರ್‌ಗೂ ಜಾಸ್ತಿ ದಾರಿ, ಶನಿವಾರ ಬೆಳಗ್ಗೆ ಎಲ್ಲಿ ಮುಟ್ಟಬೇಕು! ಅವರ ಪರ್ಚೇಸ್‌ನವರು ಫೋನ್ ಮಾಡಿ ಒಂದೊಂದೇ ಪದ ಬಿಡಿಸಿ ಕೇಳಿದರು: ‘ಹ್ಯಾವ್ ಯು ಸೆಂಟ್ ಇಟ್, ಆರ್ ವಿಲ್ ಯು ಸೆಂಡ್ ಇಟ್?’

ನಾನು ‘ಎಸ್ ಸರ್’ ಅಂದೆ.

ನಮ್ಮ ಓನರ್ ಆಮೇಲೆ ಕೂಗಾಡಲಿಲ್ಲ. ‘ಏನಯ್ಯಾ, ಕಳಿಸಿದ್ದೀವೋ ಕಳಿಸ್ತೀವೋ ಅಷ್ಟು ಬರೆಯೋಕ್ಕಾಗಲ್ವಾ?’ ಅಂದರು ಅಷ್ಟೆ. ಕೂಗಾಡಿದ್ದರೇ ಚೆನ್ನಾಗಿತ್ತು.

ಆ ಭಾನುವಾರ ಒಂದು ಕೆಲಸ ಮಾಡಿದೆ. ನಾನೇ ಕಳಿಸಿದ ಒಂದು ತಿಂಗಳ ಮೇಲ್‌ಗಳನ್ನು ಪ್ರಿಂಟ್ ತೆಗೆದು, ಅದರಲ್ಲಿ ಬಂದ ಕ್ರಿಯಾಪದಗಳಿಗೆಲ್ಲ ಗೆರೆ ಹೊಡೆದೆ. ನೋಡಿದರೆ ಅವವೇ ಪದಗಳು. ಸೆಂಡ್, ರಿಸೀವ್, ಚೆಕ್, ಕನ್ಫರ್ಮ್, ಪೇ, ಕೋಟ್, ಪ್ಯಾಕ್, ಲೋಡ್, ರಿಜೆಕ್ಟ್, ರಿಪ್ಲೈ. ಎಲ್ಲ ಸೇರಿ ಇಪ್ಪತ್ತರ ಆಸುಪಾಸು. ನನಗೆ ಇಂಗ್ಲಿಷ್ ಪದ ಬರೋದಿಲ್ಲ ಅಂತ ಅಷ್ಟು ದಿನ ಅಂದುಕೊಂಡಿದ್ದೆ. ಪದವೆಲ್ಲ ಗೊತ್ತಿತ್ತು. ಗೊತ್ತಿಲ್ಲದ್ದು ಅದರ ಬಾಲ.

ಯಾಕೆ ಗೊತ್ತಿಲ್ಲ? ಇದು ಹೊಳೆದದ್ದು ಬಸ್ಸಿನಲ್ಲಿ. ನಾವು ದಿನವಿಡೀ ‘ಚೆಕ್ ಮಾಡಿದೆ’, ‘ಕನ್ಫರ್ಮ್ ಮಾಡ್ತೀನಿ’, ‘ಲೋಡ್ ಮಾಡ್ತಾ ಇದ್ದಾರೆ’, ‘ರಿಜೆಕ್ಟ್ ಮಾಡಿಬಿಟ್ರು’ ಅನ್ನುತ್ತೇವೆ. ಇಂಗ್ಲಿಷ್ ಪದ ಅಲ್ಲಾಡದೆ ಕೂತಿರುತ್ತದೆ. ಕಾಲ ಹೊರುವ ಕೂಲಿಯೆಲ್ಲ ‘ಮಾಡು’ವಿನದು. ಚೆಕ್ ಪದವನ್ನು ನಾನು ಸಾವಿರ ಸಲ ಆಡಿದ್ದೇನೆ, ಒಂದು ಸಲವೂ ಅದರ ರೂಪ ಬದಲಿಸಿಲ್ಲ. ಇಂಗ್ಲಿಷ್ ಬರೆಯುವಾಗ ಆ ‘ಮಾಡು’ ಕಳಚಿ ಬೀಳುತ್ತದೆ. ಬೋಳು ‘ಚೆಕ್’ ಉಳಿಯುತ್ತದೆ. ‘ಮೆಟೀರಿಯಲ್ ಸೆಂಡ್ ಟುಡೇ’ ಹುಟ್ಟಿದ್ದು ಹಾಗೆ.

ಇದು ಗೊತ್ತಾದ ಮೇಲೆ ಹನ್ನೆರಡರ ಪಟ್ಟಿ ಬದಿಗಿಟ್ಟೆ. ಒಂದು ಹಳೇ ಡಿಸ್ಪ್ಯಾಚ್ ರಿಜಿಸ್ಟರ್ ತೆಗೆದುಕೊಂಡು ನಡುವೆ ಗೆರೆ ಎಳೆದೆ. ಎಡಗಡೆ ನಾನು ಬಾಯಲ್ಲಿ ಆಡುವ ಕನ್ನಡ, ಬಲಗಡೆ ಅದಕ್ಕೆ ಸರಿಯಾದ ಇಂಗ್ಲಿಷ್. ಗ್ರಂಥಭಾಷೆ ಅಲ್ಲ, ಆಡುಮಾತೇ. ಕಳಿಸಿದ್ವಿ ಅಂದರೆ ‘ವಿ ಸೆಂಟ್’. ಕಳಿಸಿದ್ದೀವಿ, ‘ವಿ ಹ್ಯಾವ್ ಸೆಂಟ್’. ಕಳಿಸ್ತಾ ಇದ್ದೀವಿ, ‘ವಿ ಆರ್ ಸೆಂಡಿಂಗ್’. ಕಳಿಸ್ತಾ ಇದ್ವಿ, ‘ವಿ ವರ್ ಸೆಂಡಿಂಗ್’. ನೋಡಿ, ಎಷ್ಟು ಚೆಂದ ಕೂರುತ್ತದೆ! ಅವರು ಹ್ಯಾವ್ ಹಾಕಿದ ಕಡೆ ನಾವು ‘ಇದ್ದೀವಿ’ ಅಂಟಿಸುತ್ತೇವೆ. ಐಎನ್‌ಜಿ ಇದ್ದ ಕಡೆ ನಮಗೆ ‘ತಾ’ ಇದೆ. ವರ್ತಮಾನ ಪೂರ್ಣ ಅಂತ ಹೆಸರು ಹೇಳಿ ನನ್ನನ್ನು ಹೆದರಿಸಿದ್ದು ಇದೇ ‘ಕಳಿಸಿದ್ದೀವಿ’ ಅನ್ನೋದು ಎಷ್ಟೋ ವರ್ಷ ತಿಳಿದಿರಲಿಲ್ಲ.

ಎಡವಟ್ಟಾಗುವುದು ‘ಕಳಿಸ್ತೀವಿ’ ಹತ್ತಿರ. ಕನ್ನಡದಲ್ಲಿ ‘ಪ್ರತಿ ಶುಕ್ರವಾರ ಕಳಿಸ್ತೀವಿ’ ಅನ್ನಬಹುದು, ‘ನಾಳೆ ಕಳಿಸ್ತೀವಿ’ ಅಂತಲೂ ಅನ್ನಬಹುದು. ರೂಢಿಗೂ ನಾಳೆಗೂ ಒಂದೇ ರೂಪ. ಇಂಗ್ಲಿಷ್‌ನಲ್ಲಿ ಎರಡೂ ಬೇರೆ. ‘ವಿ ಸೆಂಡ್ ಎವ್ರಿ ಫ್ರೈಡೇ’, ‘ವಿ ವಿಲ್ ಸೆಂಡ್ ಟುಮಾರೋ’. ಅದಕ್ಕೇ ರಿಜಿಸ್ಟರ್‌ನಲ್ಲಿ ‘ಕಳಿಸ್ತೀವಿ’ ಎದುರು ಕೆಂಪು ಪೆನ್ನಿನಲ್ಲಿ ಬರೆದೆ: ‘ಪ್ರತೀ ಸಲಾನಾ? ಮುಂದಾ?’ ಇವತ್ತಿಗೂ ಮೇಲ್ ಬರೆಯುವಾಗ ಆ ಪ್ರಶ್ನೆ ಕೇಳಿಕೊಳ್ಳುತ್ತೇನೆ. ದಿನ ಗೊತ್ತಾಗಿ, ಲಾರಿಯೂ ಬುಕ್ ಆಗಿದ್ದರೆ ‘ವಿ ಆರ್ ಸೆಂಡಿಂಗ್ ಇಟ್ ಆನ್ ಮಂಡೇ’ ಅಂತ ಬರೆಯಬಹುದು, ಅದು ಇನ್ನೂ ಗಟ್ಟಿ ಕೇಳಿಸುತ್ತದೆ. ಲಾರಿ ಗ್ಯಾರಂಟಿ ಇಲ್ಲದಿದ್ದರೆ ನಾನು ಹಾಗೆ ಬರೆಯಲ್ಲ.

ಇಲ್ಲ ಅನ್ನುವ ವಾಕ್ಯಗಳೇ ನನ್ನನ್ನು ಜಾಸ್ತಿ ಸತಾಯಿಸಿದ್ದು. ‘ವಿ ಡಿಡ್ ನಾಟ್ ರಿಸೀವ್ಡ್ ದ ಪೇಮೆಂಟ್’ ಅಂತ ತಿಂಗಳುಗಟ್ಟಲೆ ಬರೆದಿದ್ದೇನೆ. ನಮ್ಮ ಕ್ಯೂಸಿ, ಅಂದರೆ ಕ್ವಾಲಿಟಿ ನೋಡುವ ಮೇಡಂ ಧಾರವಾಡದವರು. ಸಹಿಗೆ ಬಂದಾಗ ನನ್ನ ಮೇಲ್ ಮೇಲೆ ಕಣ್ಣಾಡಿಸುತ್ತಿದ್ದರು. ಒಂದು ದಿನ ಸ್ಕ್ರೀನ್ ಮೇಲೆ ಬೆರಳಿಟ್ಟು, ‘ಇದೇನ್ರೀ, ಡಿಡ್ ಅಂದಮ್ಯಾಲ ಮತ್ತ ರಿಸೀವ್ಡ್? ಒಂದ್ ಸಲ ಹಿಂದ ಹೋದ್ರ ಸಾಕಲ್ರೀ, ಎರಡೆರಡು ಸಲ ಯಾಕ ಹೋಗ್ತೀರಿ?’ ಅಂದರು. ನಕ್ಕೆ. ಆದರೆ ಯಾಕೆ ತಪ್ಪು ಅಂತ ಮನಸ್ಸಿಗೆ ಇಳಿಯಲಿಲ್ಲ.

ಇಳಿದದ್ದು ರಿಜಿಸ್ಟರ್‌ನಲ್ಲಿ ‘ರಿಸೀವ್ ಮಾಡಲಿಲ್ಲ’ ಅಂತ ಬರೆದಾಗ. ನಾವು ಯಾವತ್ತಾದರೂ ‘ರಿಸೀವ್ಡ್ ಮಾಡಲಿಲ್ಲ’ ಅಂದಿದ್ದೇವಾ? ಇಲ್ಲ. ರಿಸೀವ್ ಹಾಗೇ ಇರುತ್ತದೆ, ಮಾಡು ಮಾತ್ರ ಬದಲಾಗುತ್ತದೆ. ಇಂಗ್ಲಿಷ್‌ನ ಡೂ ಅಂದರೂ ಮಾಡು ತಾನೇ? ಡಿಡ್ ನಾಟ್ ರಿಸೀವ್. ನಮ್ಮ ಪೀಣ್ಯದ ಕಂಗ್ಲಿಷನ್ನೇ ಇಂಗ್ಲಿಷ್‌ನವರೂ ಆಡುತ್ತಾರೆ, ಇಲ್ಲ ಅನ್ನುವಾಗ ಮತ್ತು ಪ್ರಶ್ನೆ ಕೇಳುವಾಗ ಮಾತ್ರ. ‘ಡಿಡ್ ಯು ಚೆಕ್?’ ಅಂದರೆ ‘ಚೆಕ್ ಮಾಡಿದ್ರಾ?’

ಅಷ್ಟೇ ಅಲ್ಲ, ಅಚ್ಚ ಕನ್ನಡದಲ್ಲೂ ಇದೇ ಆಟ ಇದೆ. ‘ಬರಲಿಲ್ಲ’ ಅನ್ನೋದನ್ನು ಬಿಡಿಸಿ ನೋಡಿ. ಬರಲು, ಇಲ್ಲ. ‘ಬರಲು’ ಅನ್ನುವುದರಲ್ಲಿ ಭೂತಕಾಲದ ಗುರುತೇ ಇಲ್ಲ. ಡಿಡ್ ನಾಟ್ ಕಮ್ ಅನ್ನುವಾಗ ಕಮ್ ಕೂಡ ಹಾಗೇ ಬೋಳು. ಇನ್ನು ‘ಬಂದಿಲ್ಲ’ ತೆಗೆದುಕೊಳ್ಳಿ. ಅಲ್ಲಿ ‘ಬಂದು’ ಇದೆ, ಮುಗಿದ ಗುರುತು ಇದೆ. ‘ಹ್ಯಾಸ್ ನಾಟ್ ಕಮ್’, ‘ಹ್ಯಾವ್ ನಾಟ್ ರಿಸೀವ್ಡ್’. ಇಲ್ಲಿ ರಿಸೀವ್ಡ್ ಬರಲೇಬೇಕು. ಅರ್ಥದಲ್ಲೂ ಹೊಂದುತ್ತದೆ. ‘ಪೇಮೆಂಟ್ ಬಂದಿಲ್ಲ’ ಅಂದರೆ ಇನ್ನೂ ಕಾಯುತ್ತಿದ್ದೇವೆ. ‘ಪೇಮೆಂಟ್ ಬರಲಿಲ್ಲ’ ಅಂದರೆ ಆ ಅವಧಿ ಮುಗಿದುಹೋಯಿತು. ಬಾಕಿ ಕೇಳುವ ಮೇಲ್‌ನಲ್ಲಿ ಬೇಕಾದ್ದು ಮೊದಲನೆಯದು: ‘ವಿ ಹ್ಯಾವ್ ನಾಟ್ ಯೆಟ್ ರಿಸೀವ್ಡ್ ದ ಪೇಮೆಂಟ್.’

ಅಂದು ಸಂಜೆ ಮೇಡಂಗೆ ಇದನ್ನೆಲ್ಲ ಹೇಳಿದೆ. ‘ಕನ್ನಡ ವ್ಯಾಕರಣ ನನಗ ಈಗ ತಿಳೀತು ನೋಡ್ರಿ’ ಅಂದರು.

ಡಸ್ ಕೂಡ ಇದೇ ಮನೆತನದ್ದು. ‘ವೆಂಡರ್ ಡೆಲಿವರ್ಸ್’ ಅನ್ನುವಾಗ ಕೊನೆಗೆ ಒಂದು ಎಸ್. ಡಸ್ ಬಂದ ಕೂಡಲೇ ಆ ಎಸ್ ಅಲ್ಲಿಗೆ ಹಾರಿ, ‘ಡಸ್ ನಾಟ್ ಡೆಲಿವರ್’. ಈ ಒಂದು ಎಸ್‌ಗೆ ನಾವು ಗೊಣಗುವುದು ತಮಾಷೆ ಅಲ್ವಾ? ಕಳಿಸ್ತೀನಿ, ಕಳಿಸ್ತೀಯ, ಕಳಿಸ್ತಾನೆ, ಕಳಿಸ್ತಾಳೆ, ಕಳಿಸ್ತಾರೆ ಅಂತ ಪ್ರತಿಯೊಬ್ಬರಿಗೂ ಬಾಲ ಬದಲಿಸುವವರು ನಾವು. ಸೆಂಟ್, ಪೇಯ್ಡ್, ಬಾಟ್, ಟುಕ್ ಅಂತ ಅಡ್ಡಾದಿಡ್ಡಿ ರೂಪಗಳದ್ದೂ ಅಷ್ಟೆ. ಕೊಡು ಕೊಟ್ಟೆ ಆಗುತ್ತದೆ, ತರು ತಂದೆ ಆಗುತ್ತದೆ, ಬೀಳು ಬಿದ್ದೆ ಆಗುತ್ತದೆ. ಯಾರಾದರೂ ಪಟ್ಟಿ ಮಾಡಿ ಕಲಿತೆವಾ? ಆಡಿ ಆಡಿ ಬಂತು. ನಾನು ನನ್ನ ಇಪ್ಪತ್ತು ಪದಗಳದ್ದನ್ನು ಮಾತ್ರ ಕಲಿತೆ, ದಿನಕ್ಕೆ ಎರಡು.

ಇನ್ನು ಕನ್ನಡ ನಂಬಿಸಿ ಕೈಕೊಡುವ ಜಾಗಗಳು. ‘ನಿನ್ನೆನೇ ಕಳಿಸಿದ್ದೀವಿ ಸರ್’ ಅನ್ನೋದು ಕನ್ನಡದಲ್ಲಿ ಸರಿ. ‘ವಿ ಹ್ಯಾವ್ ಸೆಂಟ್ ಇಟ್ ಯೆಸ್ಟರ್‌ಡೇ’ ತಪ್ಪು. ನಿನ್ನೆ, ಕಳೆದ ವಾರ, 12ನೇ ತಾರೀಖು ಅಂತ ಮುಗಿದುಹೋದ ಹೊತ್ತನ್ನು ಹೇಳಿದರೆ ಹ್ಯಾವ್ ಜಾಗ ಬಿಡಬೇಕು: ‘ವಿ ಸೆಂಟ್ ಇಟ್ ಯೆಸ್ಟರ್‌ಡೇ.’ ನಾನು ಮಾಡಿಕೊಂಡ ನಿಯಮ ಇಷ್ಟು. ಎಲ್‌ಆರ್ (ಲಾರಿಯವರು ಕೊಡುವ ರಸೀದಿ) ಮೇಲಿನ ತಾರೀಖು ಮೇಲ್‌ಗೆ ಬಂತು ಅಂದರೆ ಹ್ಯಾವ್ ಹೊರಗೆ. ತಾರೀಖು ಇಲ್ಲ, ಕೆಲಸ ಆಗಿದೆ ಅಂತ ಹೇಳಿದರೆ ಸಾಕು ಅಂದರೆ ಹ್ಯಾವ್ ಒಳಗೆ.

‘ಕಳಿಸಿದ್ದೆ’ ಇನ್ನೂ ಮೋಸದ್ದು. ಕೊಟೇಶನ್ ಬಂದಿಲ್ಲ ಅಂತ ಅವರು ಕೇಳಿದಾಗ ನಮ್ಮ ಬಾಯಿಗೆ ಮೊದಲು ಬರೋದು ‘ಮೊನ್ನೆನೇ ಕಳಿಸಿದ್ದೆ’. ಅದನ್ನೇ ‘ಐ ಹ್ಯಾಡ್ ಸೆಂಟ್’ ಅಂತ ಬರೆಯುತ್ತೇವೆ. ನಮ್ಮ ಆಫೀಸುಗಳಲ್ಲಿ ಎಲ್ಲರೂ ಬರೆಯುತ್ತಾರೆ, ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಹ್ಯಾಡ್ ಬಂದರೆ ಓದುವವನು ‘ಯಾವುದಕ್ಕಿಂತ ಮೊದಲು?’ ಅಂತ ಕಾಯುತ್ತಾನೆ. ‘ನಿಮ್ಮ ಪಿಓ (ಪರ್ಚೇಸ್ ಆರ್ಡರ್) ಬರೋ ಮುಂಚೆನೇ ಕಳಿಸಿದ್ದೆ’ ಅಂತ ಎರಡು ಸಂಗತಿ ಇದ್ದಾಗ ಹ್ಯಾಡ್‌ಗೆ ಕೆಲಸ ಉಂಟು. ಇಲ್ಲದಿದ್ದರೆ ‘ಐ ಸೆಂಟ್ ಇಟ್ ಆನ್ ಟ್ಯೂಸ್‌ಡೇ’ ಅಂದರೆ ಮುಗಿಯಿತು.

ಮೂರನೆಯದು ‘ಇಂದ’. ‘ಮೂರು ವರ್ಷದಿಂದ ಸಪ್ಲೈ ಮಾಡ್ತಾ ಇದ್ದೀವಿ’ ಅನ್ನೋದನ್ನು ‘ವಿ ಆರ್ ಸಪ್ಲೈಯಿಂಗ್ ಸಿನ್ಸ್ ತ್ರೀ ಇಯರ್ಸ್’ ಅಂತ ನಮ್ಮ ಕಂಪನಿಯ ಪರಿಚಯಪತ್ರದಲ್ಲೇ ಅಚ್ಚು ಹಾಕಿಸಿದ್ದೆವು. ಆಗಬೇಕಾದ್ದು ‘ವಿ ಹ್ಯಾವ್ ಬೀನ್ ಸಪ್ಲೈಯಿಂಗ್ ಫಾರ್ ತ್ರೀ ಇಯರ್ಸ್’. ಅವಧಿಗೆ ಫಾರ್, ಶುರುವಾದ ಹೊತ್ತಿಗೆ ಸಿನ್ಸ್. ಹಳೇ ಪತ್ರಗಳು ಖರ್ಚಾಗುವ ತನಕ ಅದನ್ನೇ ಹಂಚಿದೆವು.

‘ವಿ ಆರ್ ಹ್ಯಾವಿಂಗ್ ಸ್ಟಾಕ್’, ‘ವಿ ಆರ್ ನೀಡಿಂಗ್ ಡ್ರಾಯಿಂಗ್’ ಅನ್ನೋದಕ್ಕೆ ಮಾತ್ರ ಕನ್ನಡವನ್ನು ಬೈಯೋದು ತಪ್ಪು. ಕನ್ನಡದಲ್ಲಿ ‘ಸ್ಟಾಕ್ ಇದೆ’, ‘ಡ್ರಾಯಿಂಗ್ ಬೇಕು’. ‘ಬೇಕುತ್ತಾ ಇದ್ದೀವಿ’ ಅಂತ ಯಾವ ಕನ್ನಡಿಗ ಅಂದಾನು? ಐಎನ್‌ಜಿ ಹಾಕಿದರೆ ಇಂಗ್ಲಿಷ್ ಜೋರಾಗಿ ಕೇಳಿಸುತ್ತದೆ ಅನ್ನೋ ಭ್ರಮೆ, ಅಷ್ಟೆ.

ಬಿಸಿನೆಸ್ ಮೇಲ್‌ಗಳಲ್ಲಿ ಯಾರು ಮಾಡಿದರು ಅನ್ನೋದಕ್ಕಿಂತ ಆಯಿತೋ ಇಲ್ಲವೋ ಅನ್ನೋದೇ ಮುಖ್ಯ. ಅಲ್ಲಿ ‘ಮಾಡು’ ಬಿಟ್ಟು ‘ಆಗು’ ಹಿಡಿದುಕೊಂಡೆ. ಡಿಸ್ಪ್ಯಾಚ್ ಆಗಿದೆ ಅಂದರೆ ‘ಹ್ಯಾಸ್ ಬೀನ್ ಡಿಸ್ಪ್ಯಾಚ್ಡ್’. ನಿನ್ನೆ ಡಿಸ್ಪ್ಯಾಚ್ ಆಯ್ತು, ‘ವಾಸ್ ಡಿಸ್ಪ್ಯಾಚ್ಡ್’. ಪ್ಯಾಕ್ ಆಗ್ತಾ ಇದೆ, ‘ಈಸ್ ಬೀಯಿಂಗ್ ಪ್ಯಾಕ್ಡ್’. ನಾಳೆ ಲೋಡ್ ಆಗುತ್ತೆ, ‘ವಿಲ್ ಬಿ ಲೋಡೆಡ್’. ನನ್ನ ಮೇಲ್‌ಗಳಲ್ಲಿ ಅರ್ಧಕ್ಕರ್ಧ ಈ ನಾಲ್ಕರಲ್ಲೇ ಸಾಗುತ್ತವೆ.

ಮಾತಿಗೆ ಬಂದಾಗ ಬೇರೆ ಪಾಡು. ನಾನು ಪದದ ಕೊನೆಯ ಇ-ಡಿ (-ed) ಅಕ್ಷರಗಳನ್ನು ಎಲ್ಲ ಕಡೆ ‘ಎಡ್’ ಅಂತ ಎಳೆಯುತ್ತಿದ್ದೆ. ಚೆಕ್ಕೆಡ್, ಪ್ಯಾಕೆಡ್, ಕನ್ಫರ್ಮೆಡ್. ಟ್ ಅಥವಾ ಡ್ ಸದ್ದಿನಲ್ಲಿ ಮುಗಿಯುವ ಪದಕ್ಕೆ ಮಾತ್ರ ಆ ಎಳೆತ ಬೇಕು: ಕೋಟೆಡ್, ಲೋಡೆಡ್, ರಿಜೆಕ್ಟೆಡ್. ಉಳಿದದ್ದು ಚೆಕ್ಟ್, ಪ್ಯಾಕ್ಟ್, ಶಿಪ್ಟ್, ಕನ್ಫರ್ಮ್ಡ್ ಅಂತ ಒಂದೇ ಉಸಿರಿಗೆ ಮುಗಿಯುತ್ತದೆ. ಸೆಂಡ್, ಸೆಂಟ್ ಎರಡನ್ನೂ ಶಾಪ್ ಫ್ಲೋರ್‌ನ ಗದ್ದಲದಲ್ಲಿ ಯಾವ ದೇವರೂ ಬೇರೆ ಮಾಡಿ ಕೇಳಿಸಿಕೊಳ್ಳಲಾರ. ಹಾಗಾಗಿ ಫೋನಲ್ಲಿ ಆ ಪದವನ್ನೇ ಬಿಟ್ಟೆ. ‘ದ ಲಾರಿ ಲೆಫ್ಟ್ ಅಟ್ ನೈನ್ ಲಾಸ್ಟ್ ನೈಟ್’ ಅನ್ನುತ್ತೇನೆ. ಲಾರಿ ಹೊರಟಿದ್ದರೆ ಹೊರಟಿದೆ, ತಿರುಗಿ ಕೇಳೋರಿಲ್ಲ.

ಹೋದ ತಿಂಗಳು ಡಿಸ್ಪ್ಯಾಚ್‌ಗೆ ಒಬ್ಬ ಹೊಸ ಹುಡುಗ ಸೇರಿದ. ಮೊದಲ ಮೇಲ್ ಬರೆದು ನನ್ನ ಹತ್ತಿರ ತಂದ. ‘ಡಿಡ್ ಯು ಚೆಕ್ಡ್ ದ ಡ್ರಾಯಿಂಗ್?’

‘ಇದನ್ನ ನಮ್ಮ ಭಾಷೇಲಿ ಹೇಳಪ್ಪ’ ಅಂದೆ.

‘ಡ್ರಾಯಿಂಗ್ ಚೆಕ್ ಮಾಡಿದ್ರಾ ಸರ್?’

‘ಚೆಕ್ಡ್ ಮಾಡಿದ್ರಾ ಅನ್ನಲಿಲ್ವಲ್ಲ ನೀನು.’

ಒಂದು ಗಳಿಗೆ ನನ್ನನ್ನೇ ನೋಡಿದ. ಆಮೇಲೆ ಏನೂ ಮಾತಾಡದೆ ಹೋಗಿ ಬ್ಯಾಕ್‌ಸ್ಪೇಸ್ ಒತ್ತಿದ. ಹಳೇ ರಿಜಿಸ್ಟರ್ ಈಗ ಅವನ ಟೇಬಲ್ ಮೇಲಿದೆ. ಎಡಗಡೆ ಕಾಲಂನಲ್ಲಿ ‘ರೀವರ್ಕ್ ಆಗ್ತಾ ಇದೆ’ ಅಂತ ಅವನೇ ಒಂದು ಸಾಲು ಸೇರಿಸಿದ್ದಾನೆ. ಬಲಗಡೆ ಇನ್ನೂ ಖಾಲಿ ಇದೆ.