ಬೆರಳಿಟ್ಟು ಒಂದು ಸುತ್ತು ಬಂದರೆ ಸಮೀಕರಣ ಸಿಗುತ್ತದೆ

ಬದಿಯಡ್ಕದ ಹತ್ತಿರ ನಮ್ಮ ಮನೆಯ ಜಗಲಿಯಲ್ಲಿ ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. 4ಅ + 6 = 46 ಅಂತ ಬರೆದುಕೊಟ್ಟರೆ ಪಟ್ಟಂತ ಬಿಡಿಸುತ್ತಾರೆ. ಅದನ್ನೇ ಮಾತಿನಲ್ಲಿ ಕೇಳಿದರೆ ಪೆನ್ನು ನಿಲ್ಲುತ್ತದೆ: ಆಯತದ ಉದ್ದ ಅಗಲಕ್ಕಿಂತ 3 ಮೀಟರ್ ಜಾಸ್ತಿ, ಸುತ್ತಳತೆ 46 ಮೀಟರ್, ಉದ್ದ ಅಗಲ ಎಷ್ಟು?

ನಾನು ಸೂತ್ರದಿಂದ ಶುರು ಮಾಡುವುದಿಲ್ಲ. ಮೊದಲು ಆಯತ ಬರೆಯಬೇಕು. ಯಾವುದರ ಜತೆ ಹೋಲಿಸಿ ಹೇಳಿದ್ದಾರೋ ಅದಕ್ಕೆ ಅಕ್ಷರ ಇಡಬೇಕು. ಇಲ್ಲಿ ಅಗಲಕ್ಕೆ. ಪುಸ್ತಕದಲ್ಲಿ ಎಕ್ಸ್ ಇರುತ್ತದೆ, ನಾವು ಅ ಅಂತ ಇಟ್ಟುಕೊಳ್ಳುತ್ತೇವೆ. ಆಗ ಉದ್ದ ಅ + 3. ಉದ್ದಕ್ಕೆ ಇನ್ನೊಂದು ಅಕ್ಷರ ಬೇಡವೇ ಬೇಡ.

ಆಮೇಲೆ ಒಂದು ಮೂಲೆಯಲ್ಲಿ ಬೆರಳಿಟ್ಟು ಪೂರ್ತಿ ಒಂದು ಸುತ್ತು ಬರಬೇಕು. ದಾಟಿದ ಬದಿಯನ್ನೆಲ್ಲ ಸಾಲಾಗಿ ಬರೆಯುತ್ತಾ ಹೋಗಬೇಕು.

ಅ + (ಅ + 3) + ಅ + (ಅ + 3) = 46

4ಅ + 6 = 46. ಅಗಲ 10, ಉದ್ದ 13. "ಇದು ಗಂಡಸರ ಕಬಡ್ಡಿ ಕೋರ್ಟು ಅಲ್ವಾ ಟೀಚರ್?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಹೌದು, ಅದೇ ಅಳತೆ. ಹೆಂಗಸರದ್ದು ಸುತ್ತಳತೆ 40, ಉದ್ದ 4 ಮೀಟರ್ ಜಾಸ್ತಿ. ಅದನ್ನು ಅವರೇ ಮಾಡಿ 12, 8 ಅಂತ ಹೇಳುತ್ತಾರೆ.

ಸೂತ್ರ ಬಾಯಿಪಾಠ ಮಾಡಿದವರು 2 × ಅ + ಅ + 3 = 46 ಅಂತ ಬರೆಯುವುದುಂಟು. ಆವರಣ ಬಿಟ್ಟುಹೋದರೆ ಎರಡನೇ ಉದ್ದವೂ ಬಿಟ್ಟುಹೋಯಿತು. ಸುತ್ತು ಬಂದವರಿಗೆ ಆ ತೊಂದರೆ ಇಲ್ಲ, ಯಾಕೆಂದರೆ ನಾಲ್ಕೂ ಬದಿ ಕಣ್ಣೆದುರಿಗೇ ಇರುತ್ತವೆ.

ಕೆಲವರು ಅಕ್ಷರವೇ ಇಲ್ಲದೆ ಮಾಡುತ್ತಾರೆ. 46ರ ಅರ್ಧ 23, ಅದರಲ್ಲಿ 3 ಕಳೆದರೆ 20, ಅದರ ಅರ್ಧ 10. ಇದು ನನಗೆ ತುಂಬಾ ಖುಷಿ ಕೊಡುತ್ತದೆ. ಬೇಡ ಅನ್ನುವುದಿಲ್ಲ. ಮನಸ್ಸಿನಲ್ಲಿ ಮಾಡಿದ್ದನ್ನೇ ಒಂದೊಂದು ಸಾಲಾಗಿ ಬರೆ ಅನ್ನುತ್ತೇನೆ. 2ಅ + 3 = 23 ತಾನಾಗಿ ಬರುತ್ತದೆ. ಆಮೇಲೆ ಶಟ್ಲ್ ಡಬಲ್ಸ್ ಕೋರ್ಟು ಕೊಡುತ್ತೇನೆ: ಉದ್ದ ಅಗಲದ ಎರಡು ಪಟ್ಟಿಗಿಂತ 1.2 ಮೀಟರ್ ಜಾಸ್ತಿ, ಸುತ್ತಳತೆ 39. ಇಲ್ಲಿ ಬಾಯಿಲೆಕ್ಕ ಸ್ವಲ್ಪ ತಡವರಿಸುತ್ತದೆ. 6ಅ + 2.4 = 39 ಅಂತ ಬರೆದವರು 6.1, 13.4 ಅಂತ ನಿರಾಳವಾಗಿ ಹೇಳುತ್ತಾರೆ.

ಸೂತ್ರವನ್ನು ಹಿಂದೆ ಇಡುವುದಕ್ಕೆ ದೊಡ್ಡ ಕಾರಣ ಬೇಲಿಯ ಲೆಕ್ಕ. ಬಸಳೆ, ಅಲಸಂಡೆ ಬೆಳೆಯುವ ಜಾಗಕ್ಕೆ ಕೋಳಿ ನುಗ್ಗದ ಹಾಗೆ ಬಲೆ ಕಟ್ಟಬೇಕು. ಒಂದು ಉದ್ದದ ಬದಿಯಲ್ಲಿ ಕೆಂಪು ಕಲ್ಲಿನ ಕಂಪೌಂಡು ಇದೆ, ಅಲ್ಲಿ ಬಲೆ ಬೇಡ. ಬಲೆ 30 ಮೀಟರ್, ಉದ್ದ ಅಗಲದ ಎರಡು ಪಟ್ಟು. ಸೂತ್ರ ಹಾಕಿದವರಿಗೆ 6ಅ = 30, ಅಗಲ 5 ಬರುತ್ತದೆ. ಆದರೆ ಬಲೆ ಕಟ್ಟಿ ನೋಡಿದರೆ 5, 10, 5, ಅಷ್ಟಕ್ಕೇ ಮುಗಿಯಿತು. 10 ಮೀಟರ್ ಸುಮ್ನೆ ಉಳಿಯಿತು. ಬೆರಳಿಟ್ಟು ಹೋದವರು ಮೂರೇ ಬದಿ ಬರೆಯುತ್ತಾರೆ: ಅ + 2ಅ + ಅ = 30. ಅಗಲ 7.5, ಉದ್ದ 15.

ಕೊನೆಗೆ ಅವರೇ ಲೆಕ್ಕ ಕಟ್ಟಬೇಕು. ಒಬ್ಬಳು ಸುತ್ತಳತೆ 20, ಉದ್ದ 12 ಜಾಸ್ತಿ ಅಂತ ಕಟ್ಟಿದಳು. 4ಅ + 24 = 20, ಅಗಲ ಸೊನ್ನೆಗಿಂತ 1 ಕಡಿಮೆ ಬಂತು. ಲೆಕ್ಕ ಸರಿ, ಆದರೆ ಅಂಥ ಆಯತ ಇಲ್ಲ. ಯಾಕೆ ಅಂತ ಎಲ್ಲರೂ ಸೇರಿ ಹುಡುಕಿದರು. ಒಂದು ಉದ್ದ, ಒಂದು ಅಗಲ ಸೇರಿದರೆ ಅರ್ಧ ಸುತ್ತು, ಅಂದರೆ 10. ಉದ್ದವೊಂದೇ 12ಕ್ಕಿಂತ ಜಾಸ್ತಿ ಇರಲು ಜಾಗ ಎಲ್ಲಿದೆ? ವ್ಯತ್ಯಾಸ 10ಕ್ಕಿಂತ ಕಡಿಮೆ ಇರಬೇಕು ಅಂತ ಅವಳೇ ಹೇಳಿ, 12 ಅಳಿಸಿ 4 ಅಂತ ಬರೆದಳು.