ಮನೆ, ತೋಟ, ಹೋಮ್‌ಸ್ಟೇಗೆ ಒಂದೇ ಜೀಪು: ತೆರಿಗೆ ಲೆಕ್ಕದಲ್ಲಿ ನಾನು ಪಾಲು ಮಾಡಿದ ಬಗೆ

ಕೊಡಗಿನ ನಾಪೋಕ್ಲು ಕಡೆಯ ನಮ್ಮ ಕಾಫಿ ತೋಟದ ಮನೆಯಲ್ಲಿ ಕೆಲವು ಕೋಣೆಗಳನ್ನು ಹೋಮ್‌ಸ್ಟೇಗೆ ಬಿಟ್ಟುಕೊಟ್ಟ ಮೇಲೆ, ವರ್ಷದ ಲೆಕ್ಕ ಕಟ್ಟುವಾಗ ನಾನು ಅತಿ ಹೆಚ್ಚು ಯೋಚಿಸಿದ್ದು ಜೀಪು, ಜನರೇಟರ್ ಮತ್ತು ಲ್ಯಾಪ್‌ಟಾಪ್‌ಗಳ ಬಗ್ಗೆ. ಅಡುಗೆ ಸಾಮಾನಿನ ಬಿಲ್ಲು ಯಾವುದಕ್ಕೆ ಸೇರಿದ್ದೆಂದು ನೋಡಿದರೆ ತಿಳಿಯುತ್ತದೆ. ಈ ಮೂರು ಹಾಗಲ್ಲ, ಇವು ಅತಿಥಿಗಳಿಗೂ ಮನೆಯವರಿಗೂ ತೋಟಕ್ಕೂ ದುಡಿಯುತ್ತವೆ.

ನನ್ನ ಲೆಕ್ಕಗಳು 1961ರ ಆದಾಯ ತೆರಿಗೆ ಕಾಯ್ದೆಯ ಕಾಲದವು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಕಾಯ್ದೆಯಲ್ಲಿ ಕಲಂಗಳ ಸಂಖ್ಯೆ ಬೇರೆ. ಹಳೆಯ ಕಾಯ್ದೆಯ ಕಲಂ 38(2)ರ ಪ್ರಕಾರ, ಪೂರ್ತಿಯಾಗಿ ವ್ಯವಹಾರಕ್ಕೇ ಬಳಸದ ಕಟ್ಟಡ, ಯಂತ್ರ, ಪೀಠೋಪಕರಣಗಳ ದುರಸ್ತಿ, ವಿಮೆ ಮತ್ತು ಸವಕಳಿಯಲ್ಲಿ (ಬಳಸುತ್ತ ವರ್ಷವರ್ಷ ಇಳಿಯುವ ಬೆಲೆ) ವ್ಯವಹಾರದ ಬಳಕೆಗೆ ತಕ್ಕ ನ್ಯಾಯವಾದ ಪಾಲು ಮಾತ್ರ ಖರ್ಚಾಗಿ ಸಲ್ಲುತ್ತದೆ. ಶೇಕಡಾ ಇಷ್ಟೇ ಎಂದು ಕಾಯ್ದೆ ಹೇಳುವುದಿಲ್ಲ. ತೆರಿಗೆ ಅಧಿಕಾರಿ ಕೇಳಿದರೆ ಆ ಪಾಲು ಹೇಗೆ ಬಂತೆಂದು ತೋರಿಸಬೇಕಾದವರು ನಾವು. ಆದ್ದರಿಂದ ಅಂದಾಜನ್ನು ಬಿಟ್ಟು, ಆಯಾ ದಿನವೇ ಬರೆದಿಟ್ಟ ದಾಖಲೆಯನ್ನು ನೆಚ್ಚಿಕೊಂಡೆ.

ಜೀಪಿನಲ್ಲಿ ಒಂದು ಪುಸ್ತಕ ಇಟ್ಟು, ಹೊರಡುವಾಗಿನ ಮತ್ತು ಮರಳಿದಾಗಿನ ಕಿಲೋಮೀಟರ್ ಹಾಗೂ ಹೋದ ಕಾರಣವನ್ನು ಬರೆಯುತ್ತೇನೆ. ಮಡಿಕೇರಿಯಿಂದ ಹೋಮ್‌ಸ್ಟೇಗೆ ಸಾಮಾನು ತರುವ ದಾರಿಯಲ್ಲೇ ಮನೆಯ ಕೆಲಸವೂ ಸೇರಿದರೆ ಆ ಓಡಾಟದ ಅರ್ಧವನ್ನಷ್ಟೇ ವ್ಯವಹಾರಕ್ಕೆ ಹಾಕುತ್ತೇನೆ. ಇದು ಕಾಯ್ದೆಯ ಮಾತಲ್ಲ, ನಾನು ಹಾಕಿಕೊಂಡ ಕ್ರಮ. ತೋಟದ ಓಡಾಟಕ್ಕೆ ಬೇರೆಯೇ ಕಾಲಂ ಇದೆ. ನಾವು ಕಾಫಿಯನ್ನು ಒಣಗಿಸಿ, ಸಿಪ್ಪೆ ತೆಗೆಯದ ಚೆರಿಯಾಗಿಯೇ ಮಾರುವುದರಿಂದ ಆ ವರಮಾನ ಕೃಷಿ ಆದಾಯವಾಗಿ ಕೇಂದ್ರದ ಆದಾಯ ತೆರಿಗೆಗೆ ಒಳಪಡುವುದಿಲ್ಲ; ಹಾಗಾಗಿ ಗೊಬ್ಬರ ತಂದ ಡೀಸೆಲ್ ಖರ್ಚನ್ನು ಹೋಮ್‌ಸ್ಟೇ ಆದಾಯದಿಂದ ಕಳೆಯುವಂತಿಲ್ಲ. ತೋಟವಿರುವ ನಮ್ಮಂಥವರು ‘ಮನೆಯದಲ್ಲದ್ದೆಲ್ಲ ವ್ಯವಹಾರದ್ದು’ ಎಂದುಕೊಳ್ಳುವುದು ಸುಲಭವಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ತಾವೇ ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡಿ (ಸಿಪ್ಪೆ ತೆಗೆದು ಬೀಜ ವಿಂಗಡಿಸಿ) ಮಾರುವವರಿಗೆ ಲೆಕ್ಕ ಬೇರೆ: ಹಳೆಯ ಆದಾಯ ತೆರಿಗೆ ನಿಯಮಗಳ 7ಬಿ ಪ್ರಕಾರ ಆ ಆದಾಯದ ಶೇಕಡಾ 25, ಹುರಿದು ಪುಡಿ ಮಾಡಿ ಮಾರಿದರೆ ಶೇಕಡಾ 40 ವ್ಯವಹಾರದ ಆದಾಯವಾಗುತ್ತದೆ.

ಜನರೇಟರ್ ಓಡಿದ ಗಂಟೆಗಳನ್ನು ಬರೆಯುತ್ತೇನೆ. ಮುಂಗಾರಿನಲ್ಲಿ ಇಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ಅತಿಥಿಗಳೂ ಕಡಿಮೆ. ಆಗಿನ ಗಂಟೆಗಳು ಬಹುಪಾಲು ಮನೆಗೇ ಸೇರುತ್ತವೆ. ಅತಿಥಿಗಳಿದ್ದ ದಿನ ತುಂಬಿದ ಕೋಣೆಗಳ ಲೆಕ್ಕದಲ್ಲಿ ಪಾಲು ಹಂಚುತ್ತೇನೆ. ಒಂದು ತಿಂಗಳ ದಾಖಲೆಯಿಂದ ಇಡೀ ವರ್ಷದ ಪಾಲನ್ನು ನಿರ್ಧರಿಸುವುದು ಕೊಡಗಿನಲ್ಲಿ ನ್ಯಾಯವಾಗದು, ಏಕೆಂದರೆ ಜುಲೈ ತಿಂಗಳಿಗೂ ಡಿಸೆಂಬರಿಗೂ ಇಲ್ಲಿ ಯಾವ ಹೋಲಿಕೆಯೂ ಇಲ್ಲ.

ಪಾಲು ಸಿಕ್ಕ ಮೇಲೆ ಉಳಿದದ್ದು ಬರಿಯ ಗುಣಾಕಾರ. ಜೀಪು, ಜನರೇಟರ್‌ಗಳಿಗೆ ಸವಕಳಿ ದರ ಶೇಕಡಾ 15, ಲ್ಯಾಪ್‌ಟಾಪಿಗೆ 40. ಜನರೇಟರಿನ ಬೆಲೆ 60,000 ರೂಪಾಯಿ, ವ್ಯವಹಾರದ ಪಾಲು ಶೇಕಡಾ 60 ಎಂದಿಟ್ಟುಕೊಂಡರೆ, ಮೊದಲ ವರ್ಷದ ಸವಕಳಿ 9,000ದಲ್ಲಿ 5,400 ಮಾತ್ರ ಖರ್ಚಾಗುತ್ತದೆ. ಕೊಂಡ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ದರವೂ ಅರ್ಧವಾಗುತ್ತದೆ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟು ಕೊಂಡರೆ ಆ ಮೊತ್ತ ಉಪಕರಣದ ಬೆಲೆಗೇ ಸೇರುವುದಿಲ್ಲವಾದ್ದರಿಂದ ನಾನು ಬ್ಯಾಂಕಿನ ಮೂಲಕವೇ ಹಣ ಕೊಡುತ್ತೇನೆ.

ಇಷ್ಟೆಲ್ಲ ಬರೆದಿಡಲಾಗದವರಿಗೆ ಹಳೆಯ ಕಾಯ್ದೆಯಲ್ಲಿ ಕಲಂ 44ಎಡಿ ಇತ್ತು: ವಹಿವಾಟು 2 ಕೋಟಿಯೊಳಗಿದ್ದರೆ ಅದರ ಶೇಕಡಾ 8ನ್ನು, ಬ್ಯಾಂಕಿನ ಮೂಲಕ ಬಂದ ಹಣಕ್ಕೆ ಶೇಕಡಾ 6ನ್ನು, ಲಾಭವೆಂದು ತೋರಿಸಬಹುದು, ಸವಕಳಿ ಅದರಲ್ಲೇ ಸೇರಿದೆಯೆಂದು ಭಾವಿಸುವುದರಿಂದ ಮತ್ತೆ ಕೇಳುವಂತಿಲ್ಲ. ಆದರೆ ಅದನ್ನು ಆರಿಸಿಕೊಂಡು ಮುಂದಿನ ಐದು ವರ್ಷಗಳೊಳಗೆ ಬಿಟ್ಟರೆ, ಅಲ್ಲಿಂದ ಐದು ವರ್ಷ ಮತ್ತೆ ಅದಕ್ಕೆ ಮರಳಲಾಗದು. ಆದ್ದರಿಂದ ಎರಡೂ ಬಗೆಯ ಲೆಕ್ಕವನ್ನು ಆಡಿಟರ ಮುಂದಿಟ್ಟು ಹೋಲಿಸಿದ ಮೇಲೆಯೇ ನಿರ್ಧರಿಸುವುದು ಒಳ್ಳೆಯದು.